ದೊಡ್ಡಪ್ಪನ ತಿಥಿಗೆ ಬಂದವರು

ದೊಡ್ಡಪ್ಪನ ತಿಥಿಗೆ ನಾವು ಕರೆದವರಿಗಿಂತ ಕರೆಯದೆ ಬಂದವರೇ ಜಾಸ್ತಿ. ನೆಂಟರು, ಊರಿನವರು ಬಂದೇ ಬರುತ್ತಾರೆ. ಆದರೆ ಶಾಮಿಯಾನದ ಕೆಳಗೆ ಕೂತಿದ್ದವರಲ್ಲಿ ಎಷ್ಟೋ ಮುಖ ನನಗೆ ಗುರುತೇ ಇರಲಿಲ್ಲ. ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ ಕಡೆಯ ದನ ಕಟ್ಟುವವರು. ಎಡೆಗೆ ಕೈ ಮುಗಿದು, ದೊಡ್ಡಮ್ಮನ ಹತ್ತಿರ ಎರಡು ಮಾತಾಡಿ, ಎಲ್ಲರೂ ಸೀದಾ ಹಿತ್ತಲಿನ ಕೊಟ್ಟಿಗೆಗೆ ಹೋದರು. ಅಲ್ಲಿ ಎತ್ತುಗಳ ಬೆನ್ನು ಸವರಿ, ಸುಳಿ ನೋಡಿ, ಕರುಗಳ ಬಾಯಿ ಬಿಡಿಸಿ ಹಲ್ಲು ನೋಡಿ, ಆಮೇಲೆ ಬಂದು ಊಟಕ್ಕೆ ಕೂತರು. ದೊಡ್ಡಪ್ಪ ಇದ್ದಿದ್ದರೆ ಅವರೂ ಅದೇ ಕ್ರಮದಲ್ಲಿ ಕರೆದುಕೊಂಡು ಹೋಗುತ್ತಿದ್ದರು.

ನಮ್ಮದು ಕುಣಿಗಲ್ ತಾಲ್ಲೂಕು. ಒಂದು ಕಾಲಕ್ಕೆ ಊರಲ್ಲಿ ಮನೆಗೊಂದು ಜೊತೆ ಹಳ್ಳಿಕಾರ್ ಎತ್ತು ಇದ್ದವು. ಟ್ರ್ಯಾಕ್ಟರ್ ಬಂತು, ಟಿಲ್ಲರ್ ಬಂತು, ಡೇರಿ ಬಂತು. ಕೊಟ್ಟಿಗೆಗಳಲ್ಲಿ ಸೀಮೆಹಸು ಬಂದು ನಿಂತವು. ಹಳ್ಳಿಕಾರ್ ಹಸು ಕರು ಕುಡಿದು ಮಿಕ್ಕಿದ್ದರಲ್ಲಿ ಒಂದೆರಡು ಲೀಟರ್ ಕೊಟ್ಟರೆ ಹೆಚ್ಚು. ಬರೀ ಲೆಕ್ಕ ನೋಡಿದರೆ ಯಾರಾದರೂ ಮಾರಿಬಿಡುತ್ತಾರೆ, ತಪ್ಪಲ್ಲ. ದೊಡ್ಡಪ್ಪನೂ ಎರಡು ಸೀಮೆಹಸು ಕಟ್ಟಿದರು, ಬಟವಾಡೆ ದುಡ್ಡು ದೊಡ್ಡಮ್ಮನ ಕೈಗೇ ಹೋಗಲಿ ಅಂತ. ಆದರೆ ಹಳ್ಳಿಕಾರ್ ಬಿಡಲಿಲ್ಲ. ಮೈಸೂರು ಅರಸರ ಅಮೃತಮಹಲ್ ದನಗಳ ಮೂಲವೂ ನಮ್ಮ ಹಳ್ಳಿಕಾರೇ ಅಂತ ಮನೆಗೆ ಯಾರು ಬಂದರೂ ಒಂದು ಸಲ ಹೇಳಿಯೇ ಕಾಫಿ ಕೊಡಿಸುತ್ತಿದ್ದರು. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಸ್ಟಾಂಪು ತಂದಾಗ ಅದರಲ್ಲಿ ಹಳ್ಳಿಕಾರ್ ಕೂಡ ಇತ್ತು. ದೊಡ್ಡಪ್ಪನ ಮಗ, ನಮ್ಮ ಅಣ್ಣ, ಅದನ್ನು ತಂದುಕೊಟ್ಟಿದ್ದ. ಪಡಸಾಲೆಯ ಫೋಟೋ ಫ್ರೇಮಿನಲ್ಲಿ, ನಮ್ಮ ಅಕ್ಕನ ಮದುವೆ ಫೋಟೋದ ಮೂಲೆಗೆ, ಆ ಸ್ಟಾಂಪು ಇವತ್ತಿಗೂ ಇದೆ.

ನಮ್ಮಪ್ಪ ಮತ್ತು ದೊಡ್ಡಪ್ಪ ಪಾಲಾದಾಗ ನಾನು ಇನ್ನೂ ಚಿಕ್ಕವಳು. ಹೊಲ, ತೋಟ, ಮನೆ, ಬಾವಿಯ ನೀರು, ಅಜ್ಜಿಯ ತಾಮ್ರದ ಹಂಡೆ, ಎಲ್ಲಾ ಪಾಲಾಯಿತು. ಕೊಟ್ಟಿಗೆ ಮಾತ್ರ ಬೇಡ ಅಂದರು ದೊಡ್ಡಪ್ಪ. ಪಂಚಾಯ್ತಿಗೆ ಕೂತವರು ಎಷ್ಟು ಹೇಳಿದರೂ ಕೇಳಲಿಲ್ಲ. "ದನ ಒಂದೇ ಕಡೆ ಇರ್ಲಿ, ನೀನೂ ಬಾ, ನಾನೂ ಬತ್ತೀನಿ" ಅಂದರಂತೆ ಅಪ್ಪನಿಗೆ. ಅದರಿಂದ ಏನಾಯಿತು ಅಂದರೆ, ಎರಡು ಒಲೆ ಆದರೂ ಬೆಳಿಗ್ಗೆ ಸಂಜೆ ಎರಡು ಮನೆಯವರೂ ಒಂದೇ ಕಡೆ ಸೇರಲೇಬೇಕಾಯಿತು. ಅಮ್ಮ, ದೊಡ್ಡಮ್ಮ ಮಾತು ಬಿಟ್ಟಿದ್ದ ದಿನಗಳೂ ಇದ್ದವು, ನಮಗೆ ಗೊತ್ತಿಲ್ಲದ್ದೇನಲ್ಲ, ಆದರೆ ಸಗಣಿ ಬಾಚುವಾಗ ಒಬ್ಬರು ಪುಟ್ಟಿ ಹಿಡಿದರೆ ಇನ್ನೊಬ್ಬರು ತುಂಬಲೇಬೇಕಲ್ಲ, ಮೂರನೇ ದಿನಕ್ಕೆ ಮಾತು ತಾನಾಗಿ ಬರುತ್ತಿತ್ತು. ಪಾಲಾದ ಎಷ್ಟೋ ಮನೆಗಳನ್ನು ನೋಡಿದ್ದೇನೆ. ನಮ್ಮದು ಒಡೆಯದೆ ಉಳಿದಿದ್ದು ಆ ಕೊಟ್ಟಿಗೆಯಿಂದ ಅಂತ ನಾನು ನಂಬಿದ್ದೇನೆ.

ಹೆಣ್ಣುಮಕ್ಕಳು ಹೋರಿ ಹತ್ತಿರ ಹೋಗಬಾರದು ಅಂತ ಊರಲ್ಲಿ ಹೇಳುತ್ತಿದ್ದರು. ದೊಡ್ಡಪ್ಪ ನನ್ನ ಕೈಗೇ ಮೂಗುದಾರದ ಹಗ್ಗ ಕೊಟ್ಟು ಕೊಂಬು ಹೆರೆಯುತ್ತಿದ್ದರು. ಹಳ್ಳಿಕಾರಿಗೆ ಕೊಂಬೇ ಅಂದ. ಹಣೆಯಿಂದ ಹಿಂದಕ್ಕೆ ಬಾಗಿ ಹೋಗಿ, ತುದಿಯಲ್ಲಿ ಮೇಲೆದ್ದು ಚೂಪಾಗಬೇಕು. ಭಾನುವಾರ ಬೆಳಿಗ್ಗೆ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎತ್ತಿನ ತಲೆ ತೊಡೆಗೆ ಒರಗಿಸಿಕೊಂಡು, ಗಾಜಿನ ಚೂರಿನಿಂದ ಬುಡದಿಂದ ತುದಿಯವರೆಗೆ ಮೆಲ್ಲಗೆ ಹೆರೆಯೋರು. ಸಣ್ಣ ಬಿಳಿ ಪುಡಿ ಅವರ ಪಂಚೆ ಮೇಲೆಲ್ಲ ಉದುರೋದು. ಆಮೇಲೆ ಹರಳೆಣ್ಣೆ. ಎಣ್ಣೆ ಬಟ್ಟೆ ಕಿವಿಗೆ ತಾಗಿದರೆ ಎತ್ತು ತಲೆ ಒದರುತ್ತದೆ, ಅದಕ್ಕೆ ಎಡಗೈಯಲ್ಲಿ ಕಿವಿ ಮಡಚಿ ಹಿಡಿದುಕೊಳ್ಳುತ್ತಿದ್ದರು. ಅಷ್ಟು ಹೊತ್ತೂ ನನ್ನನ್ನು ಸ್ಕೂಲಿನ ವಿಷಯ ಕೇಳುತ್ತಿದ್ದರು. ಯಾವ ಮೇಷ್ಟ್ರು ಬೈದರು, ಗೆಳತಿ ಯಾಕೆ ಮುನಿಸಿಕೊಂಡಳು, ಎಲ್ಲಾ ಬೇಕು. ಅವರಷ್ಟು ತಾಳ್ಮೆಯಿಂದ ನನ್ನ ಮಾತು ಕೇಳಿದವರು ಇನ್ನೊಬ್ಬರಿಲ್ಲ.

ವ್ಯಾಪಾರದಲ್ಲಿ ಗಟ್ಟಿಗರು. ದನದ ಜಾತ್ರೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ, ಟವೆಲ್ ಮುಚ್ಚಿಕೊಂಡು ಒಳಗೆ ಬೆರಳು ಹಿಡಿದು ಹೇಳುತ್ತಾರೆ, ಪಕ್ಕದವನಿಗೂ ತಿಳಿಯಬಾರದು. ಜಾತ್ರೆಯಿಂದ ಮನೆಗೆ ಬಂದ ಮೇಲೆ ದೊಡ್ಡಪ್ಪ ದೊಡ್ಡಮ್ಮನಿಗೆ ರೇಟು ಹೇಳುತ್ತಿದ್ದುದೂ ಹೀಗೇ. ಹೆಗಲ ಟವೆಲ್ ತೆಗೆದು ಅವರ ಕೈ ಮೇಲೆ ಹಾಕಿ ಬೆರಳು ಹಿಡಿಯೋರು. "ಬಿಡಿ ಅತ್ಲಾಗೆ, ಹುಡುಗ್ರು ನೋಡ್ತವೆ" ಅಂತ ದೊಡ್ಡಮ್ಮ ಗದರೋರು. ಆದರೆ ಕೈ ಎಳೆದುಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಒಂದೇ ಒಂದು ಹಟ ಇತ್ತು. ಕೂಡಿ ಬೆಳೆದ ಜೊತೆಯನ್ನು ಮುರಿದು ಮಾರುತ್ತಿರಲಿಲ್ಲ. ಒಂದಕ್ಕೇ ಜಾಸ್ತಿ ದುಡ್ಡು ಕೊಡ್ತೀನಿ ಅಂತ ಬಂದವರನ್ನು ಊಟ ಹಾಕಿ ಕಳಿಸಿದ್ದಾರೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಅವರು ಇಳಿದುಹೋದರು. ಸರ್ಕಾರ ದನದ ಜಾತ್ರೆ, ಸಂತೆ ನಿಲ್ಲಿಸಿತು. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕುತ್ತಿದ್ದರು. ನಮ್ಮ ಕೊಟ್ಟಿಗೆಗೂ ಹಾಕಿಸಿದ್ದೆವು, ಆದರೂ ಒಂದು ಹಸುವಿಗೆ ಮೈತುಂಬ ಗಂಟು ಎದ್ದಿತು. ನೊಣ, ಸೊಳ್ಳೆಯಿಂದ ಹರಡುತ್ತೆ ಅಂದಿದ್ದಕ್ಕೆ ಅದನ್ನು ತೋಟದ ಮನೆಯಲ್ಲಿ ಬೇರೆ ಕಟ್ಟಿ, ಬೇವಿನ ಸೊಪ್ಪಿನ ಹೊಗೆ ಹಾಕಿ, ದೊಡ್ಡಪ್ಪ ಅಲ್ಲೇ ಚಾಪೆ ಹಾಸಿ ಮಲಗಿದರು. ಗಂಜಿಯನ್ನು ಬೊಗಸೆಯಲ್ಲಿ ಕುಡಿಸಿದರು. ಉಳಿಯಲಿಲ್ಲ. ಅದರ ಕರುಗಳು, ಹಿಂದೆ ಮುಂದೆ ಹುಟ್ಟಿದ ಎರಡು ಹೋರಿಗರು, ಉಳಿದವು. ಈಗ ಅಣ್ಣ ಗೇಯಿಸುತ್ತಿರುವ ಜೊತೆ ಅದೇ.

ತಿಥಿ ದಿನ ಮಧ್ಯಾಹ್ನ ಹಾವೇರಿ ಕಡೆಯ ರೈತರೊಬ್ಬರು ಬಂದರು, ಜೊತೆಗೆ ಮಗ. ವಾಟ್ಸಾಪ್‌ನಲ್ಲಿ ಫೋಟೋ ನೋಡಿ ರಾತ್ರಿ ಬಸ್ಸು ಹತ್ತಿದರಂತೆ. ಹಿಂದೊಂದು ವರ್ಷ ಸಿದ್ಧಗಂಗೆ ಜಾತ್ರೆಯಲ್ಲಿ ದೊಡ್ಡಪ್ಪನ ಹತ್ತಿರ ಎತ್ತು ಕೊಂಡವರು. "ದುಡ್ಡು ನನ್ನ ಕಡೆ ತಗೊಂಡ್ರು, ಹಗ್ಗ ಮಾತ್ರ ನನ್ನ ಕೈಯಾಗ ಕೊಡ್ಲಿಲ್ರಿ ಯಜಮಾನ್ರು. ಈ ಹುಡುಗನ ಕೈಯಾಗ ಕೊಟ್ರು. ನಾಳೆ ಮೇಯ್ಸೋನು ಇವನು ಅಂದ್ರು" ಅಂತ ಹೇಳುತ್ತಾ ಅವರು ಅತ್ತುಬಿಟ್ಟರು. ಮಗನಿಗೆ ಈಗ ಮೀಸೆ ಬಂದಿದೆ. ಆ ಎತ್ತುಗಳು ಇನ್ನೂ ಇವೆ ಅಂತ ಫೋನಿನಲ್ಲಿ ಫೋಟೋ ತೋರಿಸಿದ. ಕೊಂಬಿಗೆ ಎಣ್ಣೆ ಹಚ್ಚಿದ್ದು ಫೋಟೋದಲ್ಲೇ ಮಿಂಚುತ್ತಿತ್ತು. ನಾನು, ಅಣ್ಣ, ಅಪ್ಪ ಮೂರೂ ಜನ ಆ ಫೋನಿಗೇ ಮುತ್ತಿಕೊಂಡೆವು.

ಊಟ ಆದ ಮೇಲೆ ಅವರು ಕೊಟ್ಟಿಗೆಯಲ್ಲಿದ್ದ ಎಳೇ ಜೊತೆ ನೋಡಿ ಬೆಲೆ ಕೇಳಿದರು. ಇನ್ನೂ ಹಾಲುಹಲ್ಲಿನವು. ಅಣ್ಣ ದೊಡ್ಡಮ್ಮನ ಮುಖ ನೋಡಿದ. ಇವರೆಲ್ಲ ಹೋದ ಮೇಲೆ ದನ ಯಾರು ನೋಡುತ್ತಾರೆ ಅನ್ನೋ ಮಾತು ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಇತ್ತು.

"ಈಗ ಕೊಡಕ್ಕಿಲ್ಲ ಕಣಪ್ಪ" ಅಂದರು ದೊಡ್ಡಮ್ಮ. "ಇನ್ನೂ ಮೇದು ಬೆಳೀಲಿ. ಶಿವರಾತ್ರಿಗೆ ಸಿದ್ಧಗಂಗೆಗೆ ಹೊಡ್ಕೊಂಡ್ ಬತ್ತೀವಿ, ಅಲ್ಲಿಗೆ ಬಾ."

ಅಪ್ಪ ಆಗಲೇ ಹುರುಳಿ ಎಷ್ಟಿದೆ, ರಾಗಿ ಹುಲ್ಲಿನ ಮೆದೆ ಜಾತ್ರೆವರೆಗೂ ಸಾಕಾ ಅಂತ ಲೆಕ್ಕಕ್ಕೆ ಕೂತರು. ಬೆಳಗಿನ ಮೇವು ಅಣ್ಣನಿಗೆ, ಸಂಜೆಯದು ಅಪ್ಪನಿಗೆ. ಶನಿವಾರ ಭಾನುವಾರ ನಾನು ಬೆಂಗಳೂರಿಂದ ಬರುವುದು ಅಂತ ಆಯಿತು. ಮಗನ ಕೈಯಲ್ಲಿ ನಮ್ಮ ಫೋನ್ ನಂಬರ್ ಬರೆಸಿಕೊಂಡು ಹಾವೇರಿಯವರು ಸಂಜೆ ಬಸ್ಸಿಗೆ ಹೊರಟರು.