ಕರಿಮತ್ತಿ, ಹೊಳೆಮತ್ತಿ: ಗುರುತು ಹಿಡಿಯುವುದು ಹೇಗೆ

ಗೋವಾದ ಮೊಲೆಂ ಕಡೆ ಕಾಡು ಸುತ್ತುವ ಕನ್ನಡಿಗರಿಗೆ ಕರಿಮತ್ತಿ ಹೊಸದಲ್ಲ. ನಮ್ಮ ಮಲೆನಾಡಿನ ಮತ್ತಿಯೇ ಅದು, ಮರಾಠಿಯಲ್ಲಿ ಐನ್. ಬಲಿತ ಮರದ ತೊಗಟೆ ಕಪ್ಪು ಬೂದು, ಮೊಸಳೆ ಚರ್ಮದಂತೆ ಚೌಕ ಚೌಕವಾಗಿ ಆಳಕ್ಕೆ ಬಿರಿದಿರುತ್ತದೆ. ಈ ದಪ್ಪ ತೊಗಟೆಯಿಂದಲೇ ಅದು ನೆಲದ ಕಾಡ್ಗಿಚ್ಚನ್ನು ತಡೆದುಕೊಳ್ಳುವುದು. ಹೊಳೆಮತ್ತಿ, ಅಂದರೆ ಅರ್ಜುನ, ಬಿಳಿಚಲು. ತೊಗಟೆ ನುಣುಪು, ಅಗಲವಾದ ತೆಳು ಹಾಳೆಗಳಾಗಿ ಕಳಚುತ್ತದೆ.

ತೊಂದರೆ ಬರುವುದು ಎಳೆಯ ಮರಗಳಲ್ಲಿ. ಕರಿಮತ್ತಿಯ ತೊಗಟೆ ಇನ್ನೂ ಬಿರಿದಿರುವುದಿಲ್ಲ. ಎಲೆಯ ಬುಡದ ಗ್ರಂಥಿಗಳನ್ನು ನೋಡಿ ಹೇಳೋಣವೆಂದರೆ ಅವು ಎರಡರಲ್ಲೂ ಇವೆ. ಹೊಳೆ ಪಕ್ಕ ನಿಂತಿದೆಯೆಂದು ಹೊಳೆಮತ್ತಿ ಎಂದುಬಿಡಬೇಡಿ, ತೇವದ ನೆಲದಲ್ಲಿ ಕರಿಮತ್ತಿಯೂ ಬೆಳೆಯುತ್ತದೆ.

ನನ್ನ ನಂಬಿಕೆ ಕಾಯಿಯ ಮೇಲೆ. ಹತ್ತಿರದ ಬಲಿತ ಮರದಡಿ ಬಿದ್ದದ್ದನ್ನು ಆರಿಸಿ ಬೆಳಕಿಗೆ ಹಿಡಿಯಿರಿ. ಎರಡಕ್ಕೂ ಐದು ರೆಕ್ಕೆ. ಕರಿಮತ್ತಿಯ ರೆಕ್ಕೆ ಅಗಲ, ಕಾಗದದಂಥದ್ದು, ಗೆರೆಗಳು ನಡುವಿನಿಂದ ಅಂಚಿಗೆ ಅಡ್ಡಡ್ಡ ನೇರವಾಗಿ ಹೋಗುತ್ತವೆ. ಹೊಳೆಮತ್ತಿಯದು ಕಿರಿದು, ಗಡುಸು, ಗೆರೆಗಳು ಮೇಲಕ್ಕೆ ಬಾಗಿರುತ್ತವೆ. ಕಾಯಿ ಸಿಗದಿದ್ದರೆ ಆ ಎಳೆಮರಕ್ಕೆ ಹೆಸರಿಡುವ ಆತುರ ಬೇಡ.

ನೆಡುವವರಿಗೆ: ಬಾವಿಕಟ್ಟೆ, ಹಳ್ಳದ ದಂಡೆಗೆ ಹೊಳೆಮತ್ತಿ, ಇಳಿಜಾರಿನ ಒಣ ಅಂಚಿಗೆ ಕರಿಮತ್ತಿ.