ಪುಲ್ಲಿ ಎರಕ: ಮೂರನೇ ಸಲಕ್ಕೆ ಮರಳಿನ ಹದ ಸಿಕ್ಕಿತು

ಭಾನುವಾರ ಸಂಜೆ ಅಚ್ಚಿನ ಪೆಟ್ಟಿಗೆ ಬಿಚ್ಚಿ ಮರಳು ಕೆಡವಿದೆ. ಪುಲ್ಲಿ, ಅಂದರೆ ಬೆಲ್ಟ್ ಓಡುವ ಗಾಲಿ, ಇಡಿಯಾಗಿ ಬಂದಿದೆ! ಅಪ್ಪನ ಹಳೆಯ ಡ್ರಿಲ್ಲಿಂಗ್ ಮೆಷಿನ್ನಿಗೆ 100 ಮಿ.ಮೀ. ಪುಲ್ಲಿ ಬೇಕಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳಬಹುದಿತ್ತು, ಆದರೆ ಇದನ್ನು ನಾನೇ ಹೊಯ್ಯಬೇಕೆಂಬ ಆಸೆ.

ಅಲ್ಯೂಮಿನಿಯಂ ಆರುವಾಗ ನೂರಕ್ಕೆ ಸುಮಾರು 1.3ರಷ್ಟು ಕುಗ್ಗುತ್ತದೆ. ಲೇತ್‌ನಲ್ಲಿ ಸುತ್ತ 2 ಮಿ.ಮೀ. ಹೆರೆಯಬೇಕು. ಅದಕ್ಕೇ ಮರಳಿನಲ್ಲಿ ಅಚ್ಚು ಮೂಡಿಸುವ ಮರದ ಮಾದರಿಯನ್ನು (ಪ್ಯಾಟರ್ನ್) 105.5 ಮಿ.ಮೀ. ಮಾಡಿದ್ದೆ.

ಮೊದಲ ಎರಕಕ್ಕೆ ಪಕ್ಕದ ಸೈಟಿನ ಎಂ-ಸ್ಯಾಂಡನ್ನೇ ಜರಡಿ ಹಿಡಿದು ಬಳಸಿದೆ. ಕಲ್ಲು ಪುಡಿ ಮಾಡಿದ ಆ ಮರಳಿನ ಕಾಳು ಚೂಪು. ಪುಲ್ಲಿಯ ಮೈ ಇಡ್ಲಿ ರವೆಯಂತೆ ತರಿತರಿಯಾಯಿತು, ಜೊತೆಗೆ ನಡುವೆ ಒಂದು ಗುಳಿ. ಎರಡನೆಯದಕ್ಕೆ ಪೀಣ್ಯದಿಂದ ಸಿಲಿಕಾ ಮರಳು, ಅದನ್ನು ಅಂಟಿಸಿ ಹಿಡಿಯುವ ಬೆಂಟೊನೈಟ್ ಜೇಡಿಮಣ್ಣು ತಂದೆ. ಮೇಲ್ಮೈ ನುಣುಪಾಗಿತ್ತು, ಆದರೆ ಲೇತ್‌ಗೆ ಹಾಕಿದರೆ ಒಳಗೆಲ್ಲ ಸೂಜಿಮೊನೆಯಷ್ಟು ತೂತು.

ಆ ತುಂಡನ್ನು ಪೀಣ್ಯದ ಒಂದು ಸಣ್ಣ ಫೌಂಡ್ರಿಯ ಮೇಸ್ತ್ರಿಗೆ ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿದರು. "ನೀರು ಜಾಸ್ತಿ ಆಗೈತೆ ಸಾರ್. ಗಾಳಿ ಹೋಗಕ್ಕೆ ದಾರಿನೂ ಬಿಟ್ಟಿಲ್ಲ ನೀವು" ಅಂದರು. ಜುಲೈ ಮಳೆಯಲ್ಲಿ ಮೂಟೆಯೊಳಗಿನ ಮರಳು ಆಗಲೇ ತೇವ ಹೀರಿತ್ತು, ನಾನು ಅದರ ಮೇಲೆ ಅಳತೆಯ ನೀರನ್ನೂ ಸುರಿದಿದ್ದೆ. ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದನ್ನು ಹೊರಗೆ ಬಿಡುತ್ತದೆ, ತೂತು ಉಳಿಯುತ್ತದೆ. ಲೋಹ ಅತಿಯಾಗಿ ಕಾದಷ್ಟೂ ಈ ಕಾಟ ಹೆಚ್ಚು.

ಈ ಸಲ ಮರಳನ್ನು ಎರಡು ದಿನ ಬಿಸಿಲಿಗೆ ಹರಡಿ ಒಣಗಿಸಿದೆ. 10 ಕೆ.ಜಿ. ಮರಳಿಗೆ 1 ಕೆ.ಜಿ. ಬೆಂಟೊನೈಟ್, ನೀರು ಸ್ವಲ್ಪಸ್ವಲ್ಪವೇ ಚಿಮುಕಿಸುತ್ತಾ ಒಟ್ಟು 400 ಮಿ.ಲೀ. ತಂಬಿಟ್ಟಿನ ಹಿಟ್ಟಿನಂತೆ ಹಿಡಿಯಲ್ಲಿ ಅದುಮಿ ನೋಡಬೇಕು. ಉಂಡೆ ನಿಲ್ಲಬೇಕು, ಮುರಿದರೆ ಅಂಚು ಉದುರಬಾರದು, ಅಂಗೈಗೆ ಒದ್ದೆ ಅಂಟಬಾರದು. ತೂಕದ ಲೆಕ್ಕಕ್ಕಿಂತ ಈ ಅಂಗೈ ಪರೀಕ್ಷೆಯನ್ನೇ ನಾನೀಗ ನಂಬುವುದು. ಅಚ್ಚು ಕೂತ ಮೇಲೆ ಸೈಕಲ್ ಕಡ್ಡಿಯಿಂದ ಮರಳನ್ನು ಅಲ್ಲಲ್ಲಿ ಚುಚ್ಚಿ ಗಾಳಿಗೆ ದಾರಿ ಮಾಡಿದೆ. ನಡುವಿನ ದಪ್ಪ ಭಾಗದ ಮೇಲೆ ರೈಸರ್ ಕೊಟ್ಟೆ, ಅಂದರೆ ಲೋಹ ಕುಗ್ಗುವಾಗ ಕೊರತೆ ತುಂಬುವ ಹೆಚ್ಚುವರಿ ಲೋಹದ ಕಂಬ.

ಲೋಹಕ್ಕೆ ಗುಜರಿಯಿಂದ ತಂದ ಬೈಕ್ ಪಿಸ್ಟನ್‌ಗಳು. ಅವುಗಳಲ್ಲಿ ಸಿಲಿಕಾನ್ ಇರುವುದರಿಂದ ಕರಗಿದಾಗ ಚೆನ್ನಾಗಿ ಹರಿಯುತ್ತವೆ. ತಂಪು ಪಾನೀಯದ ತೆಳು ಡಬ್ಬಿಗಳನ್ನು ಕರಗಿಸಿದರೆ ಬಹುಪಾಲು ಕಿಟ್ಟವೇ. ಪ್ರತಿ ಪಿಸ್ಟನ್ನನ್ನೂ ಕುಲುಮೆಯ ಬಾಯಿಯಲ್ಲಿ ಕಾಯಿಸಿಯೇ ಮೂಸೆಗೆ ಇಳಿಸಿದೆ. ತೇವದ ತುಂಡು ಬಿದ್ದರೆ ಕರಗಿದ ಲೋಹ ಸಿಡಿಯುತ್ತದೆ. ಸಿಮೆಂಟ್ ನೆಲದ ಮೇಲೆ ಒಣಮರಳು ಹಾಸುವುದೂ ಅಷ್ಟೇ ಮುಖ್ಯ. 720 ಡಿಗ್ರಿಗೆ ಬರ್ನರ್ ಆರಿಸಿ, ಕಿಟ್ಟ ತೆಗೆದು, ಧಾರೆ ಕಡಿಯದಂತೆ ಹೊಯ್ದೆ.

ಇವತ್ತು ರೈಸರ್ ಅನ್ನು ಗರಗಸದಿಂದ ಕೊಯ್ದೆ. ಮೊದಲ ಸಲ ಪುಲ್ಲಿಯಲ್ಲಿದ್ದ ಗುಳಿ ಈಗ ರೈಸರಿನ ಒಳಗಿದೆ. ಕೊಯ್ದ ಜಾಗದಲ್ಲಿ ಒಂದೂ ತೂತಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿದೆ. ಶನಿವಾರ ಲೇತ್‌ಗೆ.