‘ಫಾರ್ ಗುಡ್’ ಅಂದ್ರೆ ಒಳ್ಳೇದಕ್ಕಾ?

ಇಂಗ್ಲಿಷ್ ಕಲಿಯಲು ದಾವಣಗೆರೆಯ ಕೋಚಿಂಗ್ ಕ್ಲಾಸುಗಳಿಗೆ ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “‘ಹಿ ಲೆಫ್ಟ್ ದಾವಣಗೆರೆ ಫಾರ್ ಗುಡ್’ ಅಂದ್ರೆ ಅವನು ಊರು ಬಿಟ್ಟಿದ್ದು ಒಳ್ಳೇದಾಯ್ತು ಅಂತಾನಾ ಸರ್?”

ಅಲ್ಲ. ಒಳ್ಳೇದು ಕೆಟ್ಟದ್ದರ ಮಾತೇ ಅಲ್ಲಿಲ್ಲ. ಇದು ಕಾಲದ ಲೆಕ್ಕ: ಕಾಯಂ ಆಗಿ, ಇನ್ನು ವಾಪಸ್ ಬರಲ್ಲ ಅನ್ನೋ ಹಾಗೆ. ‘ಫಾರ್ ಗುಡ್ ಆಂಡ್ ಆಲ್’ ಎಂಬ ಉದ್ದನೆಯ ಹಳೇ ರೂಪವೂ ಉಂಟು, ಒತ್ತಿ ಹೇಳುವಾಗ ಈಗಲೂ ಬಳಸುತ್ತಾರೆ. ನಮ್ಮ “ಬಿಟ್ಟೇ ಬಿಟ್ಟ”, “ಮುಚ್ಚೇ ಬಿಟ್ರು” ಇದರ ಹತ್ತಿರ ಬರುತ್ತವೆ.

ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಈ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವಲ್ಲ, ಅದಕ್ಕೆ ‘ದ ಮಿಲ್ಸ್ ಕ್ಲೋಸ್ಡ್ ಫಾರ್ ಗುಡ್’ ಸರಿ. ಹಬ್ಬಕ್ಕೆ ಎರಡು ದಿನ ಮುಚ್ಚಿದ ಅಂಗಡಿಗೆ ಸಲ್ಲದು. 1997ರಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಿಂದ ಬೇರೆಯಾಗಿದ್ದಕ್ಕೂ ಹೇಳಬಹುದು, ಮತ್ತೆ ಒಂದು ಮಾಡುವ ಮಾತು ಯಾರೂ ಎತ್ತದಿದ್ದರೆ!

ಲೀವ್, ಕ್ಲೋಸ್, ಸ್ಟಾಪ್, ಕ್ವಿಟ್, ಗಿವ್ ಅಪ್, ಸೆಟ್ಲ್, ಹೀಗೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಕ್ರಿಯಾಪದಗಳ ಜೊತೆ ಇದು ಚೆನ್ನಾಗಿ ಕೂರುತ್ತದೆ. ಜಾಗ ಸಾಮಾನ್ಯವಾಗಿ ವಾಕ್ಯದ ಕೊನೆ: ‘ಹಿ ಗೇವ್ ಅಪ್ ಗುಟ್ಕಾ ಫಾರ್ ಗುಡ್’. ಹರಿಹರದಲ್ಲಿ ಮನೆ ಕಟ್ಟಿ ನೆಲೆ ನಿಂತವರು ‘ಐ ಹ್ಯಾವ್ ಸೆಟ್ಲ್ಡ್ ಇನ್ ಹರಿಹರ ಫಾರ್ ಗುಡ್’ ಅನ್ನಬಹುದು. ಹುಟ್ಟಿದಾಗಿನಿಂದ ಅಲ್ಲೇ ಇರುವವರು ‘ಲಿವ್ಡ್ ಫಾರ್ ಗುಡ್’ ಅಂದರೆ ತಪ್ಪು, ಅಲ್ಲಿ ‘ಆಲ್ ಮೈ ಲೈಫ್’ ಬೇಕು. ಪ್ರೀತಿ, ನೆನಪು ಉಳಿಯುವುದಕ್ಕೆ ‘ಫಾರೆವರ್’. ಬೆಣ್ಣೆ ದೋಸೆ ಬರುವುದು ತಡವಾದರೆ ‘ಇಟ್ ಟುಕ್ ಫಾರೆವರ್’ ಅಂತ ಗೊಣಗಬಹುದು, ‘ಟುಕ್ ಫಾರ್ ಗುಡ್’ ಅನ್ನುವಂತಿಲ್ಲ.

ಜನ ಹೆಚ್ಚು ಎಡವುವುದು ‘ಚೇಂಜ್’ ಹತ್ತಿರ. ಹೋಟೆಲಿನವರನ್ನು ಹೊಗಳೋಣ ಅಂತ ‘ಯುವರ್ ದೋಸೆ ಹ್ಯಾಸ್ ಚೇಂಜ್ಡ್ ಫಾರ್ ಗುಡ್’ ಅಂದರೆ, ರುಚಿ ಬದಲಾಗಿದೆ, ಹಳೇ ರುಚಿ ಇನ್ನು ಸಿಗಲ್ಲ ಅಂದಂತಾಯಿತು! ಸುಧಾರಿಸಿದೆ ಅನ್ನಲು ‘ಫಾರ್ ದ ಬೆಟರ್’. ನಡುವೆ ‘ದ’ ಅಥವಾ ‘ಯುವರ್ ಓನ್’ ಸೇರಿದರೆ ಒಳಿತಿನ ಅರ್ಥ ಬರುತ್ತದೆ: ‘ಫಾರ್ ದ ಗುಡ್ ಆಫ್ ದ ವಿಲೇಜ್’, ‘ಫಾರ್ ಯುವರ್ ಓನ್ ಗುಡ್’.

ರಾಜೀನಾಮೆ ಪತ್ರದಲ್ಲಿ, ಕಚೇರಿ ಅರ್ಜಿಯಲ್ಲಿ ‘ಪರ್ಮನೆಂಟ್ಲಿ’ ಬರೆಯಿರಿ. ‘ಫಾರ್ ಗುಡ್’ ಮಾತಿನ ಧಾಟಿಯದು.

ಇನ್ನು ‘ಫಾರ್ ಎ ಗುಡ್ ಟೂ ಅವರ್ಸ್’ ಬೇರೆಯೇ. ಹಿರಿಯೂರಿನಲ್ಲಿ ಬಸ್ಸಿಗೆ ಹಾಗೆ ಕಾದಿರಿ ಅಂದರೆ, ಎರಡು ಗಂಟೆಗೆ ಒಂದು ನಿಮಿಷವೂ ಕಮ್ಮಿ ಇಲ್ಲ, ಸ್ವಲ್ಪ ಜಾಸ್ತಿಯೇ ಇದ್ದೀತು. ಆ ‘ಎ’ ಬಿಡಬೇಡಿ. ಗಂಟೆಗಳು ಎರಡಾದರೂ ಮುಂದೆ ‘ಎ’ ಬೇಕೇ ಬೇಕು.